ಬಳಚಿನ ಬಾಣಂತಿಕೋಣೆ

ಸಮುದ್ರಕ್ಕೆ ಹುಳಿ ಹಿಡಿದ ಕಾಲದ ಕತೆ ಇದು. ಹುಳಿ ಎಂದರೆ ನಾಲಿಗೆಗೆ ಸಿಗುವ ಹುಳಿಯಲ್ಲ ಮತ್ತೆ. ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿದರೆ ಆಗಲೂ ಅದು ಉಪ್ಪುಪ್ಪೇ. ಆದರೆ ಚಿಪ್ಪು ಕಟ್ಟಿಕೊಂಡು ಬದುಕುವ ಜೀವಗಳಿಗೆ ಅದು ನಮಗಿಂತ ಮೊದಲೇ ಗೊತ್ತಾಗಿತ್ತು.

ಊರೂರಿನ ಹೊಗೆಯೆಲ್ಲ ನೂರಾರು ವರ್ಷ ಆಕಾಶಕ್ಕೆ ಏರಿತಲ್ಲ, ಅದರಲ್ಲಿದ್ದ ಕಾರ್ಬನ್ ಡೈಆಕ್ಸೈಡಿನ ಒಂದು ದೊಡ್ಡ ಪಾಲು ಕಡಲಿಗೆ ಇಳಿಯಿತು. ಗಾಳಿಯಲ್ಲಿ ಹೆಚ್ಚಾದರೆ ನೀರಿಗೆ ಇಳಿಯುವುದು, ನೀರಿನಲ್ಲಿ ಹೆಚ್ಚಾದರೆ ಗಾಳಿಗೆ ಏರುವುದು, ಅಷ್ಟೇ ಅದರ ನ್ಯಾಯ. ಗೋಲಿ ಸೋಡಾ ಒಡೆದಾಗ ಭುಸ್ಸೆಂದು ಹೊರಗೆ ಬರುವುದೂ ಅದೇ. ನೀರಿಗೆ ಇಳಿದದ್ದು ಅಲ್ಲಿ ಸುಮ್ಮನೆ ಕೂರುವುದಿಲ್ಲ, ಆಮ್ಲವಾಗುತ್ತದೆ. ಆಮ್ಲವಾಗಿ, ಚಿಪ್ಪು ಕಟ್ಟಲು ಬೇಕಾದ ಸಾಮಾನನ್ನೇ ಕಸಿದುಕೊಳ್ಳುತ್ತದೆ. ಚಿಪ್ಪಿಬೇಣವೆಂಬ ಊರಿನ ಹೊಳೆಬಾಯಿಯಲ್ಲಿ ಬುಟ್ಟಿಗಟ್ಟಲೆ ಸಿಗುತ್ತಿದ್ದ ಬಳಚು, ಅದೇ ಎರಡು ಚಿಪ್ಪಿನ ನಡುವೆ ಬೆರಳ ತುದಿಯಷ್ಟು ಮಾಂಸ ಇಟ್ಟುಕೊಂಡಿರುತ್ತದಲ್ಲ, ಅದು ಹೀಗೆ ಇಲ್ಲವಾಯಿತು. ದೊಡ್ಡವು ಹೇಗೋ ತಡೆದುಕೊಂಡವು. ಮರಿಗಳಿಗೆ ಚಿಪ್ಪೇ ಕೂರಲಿಲ್ಲ.

ಹಾಗೆಂದು ಅಂಬಿಗರು ಬಳಚು ತಿನ್ನುವುದನ್ನು ಬಿಟ್ಟಾರೇ? ಹೊಳೆದಂಡೆಯಲ್ಲಿ ಬಳಚಿನ ಮರಿ ಸಾಕುವ ಒಂದು ಕೇಂದ್ರ ಎದ್ದಿತು. ಅದರಲ್ಲಿ ಎರಡು ಮುಚ್ಚಿದ ಕೋಣೆ, ಒಂದೊಂದು ಕೋಣೆಯಲ್ಲಿ ಒಂದೊಂದು ತೊಟ್ಟಿ. ತೊಟ್ಟಿಯ ಬದಿಗೆ ಒಂದು ಯಂತ್ರ. ಅದರೊಳಗೆ ಕೂದಲೆಳೆಯಂಥ ಸಾವಿರಾರು ಟೊಳ್ಳು ನೂಲುಗಳು. ನೂಲಿನ ಹೊರಗೆ ನೀರು, ಒಳಗೆ ಗಾಳಿ. ಮೀನಿನ ಕಿವಿರಿನ ಹಾಗೆ ಇರುವುದರಿಂದ ಎಲ್ಲರೂ ಅದನ್ನು ಕಿವಿರು ಎಂದೇ ಕರೆಯುತ್ತಿದ್ದರು. ಕೋಣೆಯ ಗಾಳಿ ಮೊದಲು ಸುಣ್ಣದ ಪೆಟ್ಟಿಗೆಯೊಳಗೆ ಹಾದು ಬರಬೇಕು. ಸುಣ್ಣ ಅದರ ಹುಳಿಗಾಳಿಯನ್ನೆಲ್ಲ, ಅದೇ ಆ ಕಾರ್ಬನ್ ಡೈಆಕ್ಸೈಡನ್ನು, ಹೀರಿಕೊಳ್ಳುತ್ತದೆ. ಹಾಗೆ ಚೊಕ್ಕವಾದ ಗಾಳಿ ಕಿವಿರಿನೊಳಗೆ ಹೋದಾಗ ನೀರಿನಲ್ಲಿದ್ದ ಹುಳಿಗಾಳಿ ಆಚೆಯಿಂದ ಈಚೆಗೆ ದಾಟಿ ಬರುತ್ತದೆ. ನೀರು ಅಜ್ಜಂದಿರ ಕಾಲದ ಕಡಲಿನಂತಾಗುತ್ತದೆ, ಮರಿಗೆ ಚಿಪ್ಪು ಕೂರುತ್ತದೆ.

ಕೋಣೆಯ ಬಾಗಿಲ ಮೇಲೆ ಕೇಂದ್ರದವರು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: "ಒಳಗೆ ಒಬ್ಬರೇ. ಮಧ್ಯಾಹ್ನ ಯಾರೂ ಇಲ್ಲ." ಮನುಷ್ಯ ಬಿಡುವ ಉಸಿರೂ ಹುಳಿಗಾಳಿಯೇ ತಾನೆ? ಸುಣ್ಣದ ಪೆಟ್ಟಿಗೆಗೆ ಒಬ್ಬರ ಉಸಿರನ್ನು ತಡೆಯುವಷ್ಟು ಮಾತ್ರ ತ್ರಾಣ, ಅದೂ ಮಧ್ಯಾಹ್ನ ಸ್ವಲ್ಪ ಬಿಡುವು ಕೊಟ್ಟರೆ. ಆದರೆ ಊರಿನವರಿಗೆ ಆ ಬರಹ ಬೇರೆಯೇ ಅರ್ಥ ಕೊಟ್ಟಿತು. ಮುಚ್ಚಿದ ಕೋಣೆ, ಒಳಗೆ ಎಳೆಮರಿ, ಹೆಚ್ಚು ಜನ ಹೋಗಬಾರದು. ಇದು ಬಾಣಂತಿಕೋಣೆಯಲ್ಲದೆ ಮತ್ತೇನು? ಜನ ಹೋಗಬಾರದು ಎಂದದ್ದು ದೃಷ್ಟಿ ತಾಗೀತು ಅಂತಲೇ ಇರಬೇಕು. ಕೇಂದ್ರದವರು ನಕ್ಕು ಸುಮ್ಮನಾದರು. ಹೇಗಾದರೂ ಸರಿ, ಜನ ದೂರ ಇದ್ದರಲ್ಲ!

ಮೊದಲನೇ ಕೋಣೆ ನಾಗವೇಣಿಯದು. ಬೀರಮ್ಮನ ಹಿರಿಸೊಸೆ ಅವಳು. ಕೇಂದ್ರ ಶುರುವಾದಾಗಿನಿಂದ ಮರಿ ಬೆಳೆಸಿದವಳು ಅವಳೇ. ಪ್ರತಿ ವರ್ಷ ಮಳೆ ಮುಗಿದು ಭೂಮಿ ಹುಣ್ಣಿಮೆ ಬಂದಾಗ, ಮರಿ ತುಂಬಿದ ಮೊದಲ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಸೊಂಟದವರೆಗಿನ ನೀರಿಗೆ ಇಳಿದು ಹೊಳೆಗೆ ಬಿಡುತ್ತಿದ್ದವಳೂ ಅವಳೇ. ಊರಿಗೆ ಊರೇ ದಂಡೆಯಲ್ಲಿ ನಿಂತು ನೋಡುತ್ತಿತ್ತು. ಆ ಒಂದು ಗಳಿಗೆಗಾಗಿ ನಾಗವೇಣಿ ವರ್ಷವಿಡೀ ಕೈ ತೊಯ್ಸಿಕೊಂಡು ಇರುತ್ತಿದ್ದಳು ಎಂದರೂ ಸರಿಯೇ.

ಎರಡನೇ ಕೋಣೆ ಶರಾವತಿಯದು. ಅವಳು ಕಿರಿಸೊಸೆ, ನಾಗವೇಣಿಯ ಓರಗಿತ್ತಿ. ಕಾರವಾರದಲ್ಲಿ ಕಡಲಜೀವಿಗಳ ಬಗ್ಗೆ ಓದಿ, ಅಂಕೋಲೆಯ ಕಡೆಯಿಂದ ಮದುವೆಯಾಗಿ ಬಂದವಳು. ಬಂದವಳು ಒಲೆಮುಂದೆ ಕೂರುತ್ತಾಳೆಂದು ನಾಗವೇಣಿ ಎಣಿಸಿದ್ದಳು. ಇವಳು ನೆಟ್ಟಗೆ ಎರಡನೇ ಕೋಣೆಗೆ ಹೋದಳು. ಅಲ್ಲಿಂದ ಶುರುವಾಯಿತು ನೋಡಿ.

ಹೊಳೆಯಲ್ಲಿ ಮರಿ ಕೂರಲು ಹಳೆಯ ಚಿಪ್ಪುಗಳನ್ನು ಹಾಸಿದ ಜಾಗ ಒಂದೇ ಕೋಣೆಯ ಮರಿಗಳಿಗೆ ಸಾಕಾಗುವಷ್ಟು. ಆದ್ದರಿಂದ ಯಾರ ಮರಿಯ ಚಿಪ್ಪು ಗಟ್ಟಿಯೋ ಅದು ಚಿಪ್ಪಿಬೇಣದ ಹೊಳೆಗೆ. ಇನ್ನೊಂದು ಕೋಣೆಯ ಮರಿ ಲಾರಿ ಹತ್ತಿ ಬೇರೆ ಊರಿನ ಹೊಳೆಗೆ. ಈ ಸಲ ಕೇಂದ್ರದ ಹಿರಿಯ ವಿಜ್ಞಾನಿ ಭೂತಗಾಜಿನಲ್ಲಿ ಎರಡೂ ತೊಟ್ಟಿಯ ಮರಿ ನೋಡಿ, "ಎರಡನೇ ಕೋಣೆಯವು ಗಾಜಿನ ಮಣಿ ಇದ್ದ ಹಾಗೆ ಇದ್ದಾವಲ್ಲ!" ಎಂದುಬಿಟ್ಟರು. ಮೊದಲನೇ ಕೋಣೆಯ ಬಗ್ಗೆ, "ಇವೂ ಅಡ್ಡಿಯಿಲ್ಲ" ಎಂದರು.

ಅಡ್ಡಿಯಿಲ್ಲ! ನಾಗವೇಣಿಗೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಮನೆಯಲ್ಲಿ ಇನ್ನೊಂದು ರೀತಿ. ಆ ರಾತ್ರಿಯ ಊಟಕ್ಕೆ ಬಂಗಡೆ ಸಾರು. ಅತ್ತೆ ಬೀರಮ್ಮ ಯಾವಾಗಲೂ ಹಿರಿಸೊಸೆಯ ಬಟ್ಟಲಿಗೆ ಹಾಕುತ್ತಿದ್ದ ದೊಡ್ಡ ತುಂಡನ್ನು ಸೌಟಿನಲ್ಲಿ ಎತ್ತಿ, ಸ್ವಲ್ಪ ತಡೆದು, ಶರಾವತಿಯ ಬಟ್ಟಲಿಗೆ ಹಾಕಿದಳು.

"ತಿನ್ನೇ ಮಗಾ. ಮರಿ ಸಾಕೂಳು ಬಾಣಂತಿ ಲೆಕ್ಕವೇ."

"ಅಕ್ಕಂಗೆ ಹಾಕಿ ಅತ್ತೆ," ಎಂದಳು ಶರಾವತಿ.

"ಬ್ಯಾಡ, ನಂಗೆ ಎದೆ ಉರೀತದೆ," ಎಂದಳು ನಾಗವೇಣಿ. ಅದು ಸುಳ್ಳೇನೂ ಅಲ್ಲ.

"ನೀನು ಮರಿಗೆ ಆಹಾರ ಹ್ಯಾಗೆ ಕೊಡ್ತೆ ಹೇಳೇ," ಎಂದು ಬೀರಮ್ಮ ಮತ್ತೆ ಕೆದಕಿದಳು.

"ಒಂದೇ ಸಲ ಸುರೂದಿಲ್ಲ ಅತ್ತೆ. ಗುಟುಕು ಗುಟುಕಾಗಿ ಕೊಡ್ತೆ."

"ಕೇಳ್ದ್ಯನೇ ನಾಗವೇಣಿ? ಮಗೂಗೆ ಹಾಲು ಕುಡಿಸ್ದ ಹಾಗೆ!"

ಕೇಳಿಸಿತ್ತು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುವ ಸದ್ದು ಯಾರಿಗೆ ತಾನೇ ಕೇಳಿಸುವುದಿಲ್ಲ? ಎರಡು ಮಕ್ಕಳನ್ನು ಹೆತ್ತು, ಹಾಲು ಕುಡಿಸಿ ಬೆಳೆಸಿದವಳು ತಾನು. ಇನ್ನೂ ಬಸಿರಿನ ಸುದ್ದಿಯೇ ಇಲ್ಲದವಳು ತನಗೆ ಹಾಲು ಕುಡಿಸುವುದನ್ನು ಕಲಿಸುವುದೇ? ನಾಗವೇಣಿ ಅನ್ನವನ್ನು ಕಲಸುತ್ತಲೇ ಇದ್ದಳು, ತಿನ್ನಲಿಲ್ಲ.

ಮಾರನೆಯ ಮಧ್ಯಾಹ್ನ ಶರಾವತಿ ಊಟಕ್ಕೆ ಮನೆಗೆ ಹೋದಾಗ ನಾಗವೇಣಿ ಎರಡನೇ ಕೋಣೆಯ ಬಾಗಿಲು ತೆಗೆದು ಒಳಗೆ ಹೋದಳು. ಅಂಥದ್ದೇನು ಬೆಳೆಸಿದ್ದಾಳೆ, ಒಂದು ಸಲ ಕಣ್ಣಾರೆ ನೋಡಿಬಿಡೋಣ ಎಂದಷ್ಟೇ. ಭೂತಗಾಜು ಇಟ್ಟು ಬಗ್ಗಿದಳು. ರವೆಯಷ್ಟು ಸಣ್ಣ ಮರಿಗಳು. ಒಂದೊಂದರ ಬೆನ್ನ ಮೇಲೂ ಉಗುರಿನಲ್ಲಿ ಗೀರಿದಂಥ ಸಾಲು, ಅಂಚಿಗೆ ತೆಳ್ಳಗಿನ ನೇರಳೆ ಬಣ್ಣ. ಚಿಪ್ಪು ತೆರೆದು, ಕಾಲು ಚಾಚಿ, ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಚಂದ ಎಂದರೆ ಚಂದ. ಅವಳಿಗೆ ಅಳುವೇ ಬಂತು. ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟಳು, ಮತ್ತೊಂದು ಬಿಟ್ಟಳು, ಬಗ್ಗಿಕೊಂಡೇ ನಿಂತಳು.

ಎರಡೂ ಕೋಣೆಗಳ ನಡುವೆ ಯಂತ್ರಗಳ ಒಂದು ಸಣ್ಣ ಕೋಣೆಯಿತ್ತು. ಎರಡು ತೊಟ್ಟಿಗಳ ಹುಳಿ ತೋರಿಸುವ ಎರಡು ಮುಳ್ಳುಗಳು ಅಲ್ಲಿ ಅಕ್ಕಪಕ್ಕ ಇದ್ದವು. ಸಂಜೆ ಶರಾವತಿ ಅಲ್ಲಿ ನಿಂತು, "ಅಕ್ಕಾ, ಇದು ನೋಡಿ. ನಂದು ಒಂದು ಕೂದಲಷ್ಟು ಹುಳಿ ಕಡೆಗೆ ಬಂದಿದೆ ಅಲ್ದಾ?" ಎಂದಳು.

ನಾಗವೇಣಿ ನೋಡಿದಳು. ಹೌದು, ಬಂದಿತ್ತು. ಮಧ್ಯಾಹ್ನ ಬಿಡುವು ಸಿಗಬೇಕಿದ್ದ ಸುಣ್ಣಕ್ಕೆ ತನ್ನ ಉಸಿರಿನ ಕೆಲಸ ಬಿದ್ದಿತ್ತು. ತಿಳಿಯದಿರಲು ಅವಳೇನು ನಿನ್ನೆ ಮೊನ್ನೆ ಬಂದವಳೇ? ಹೇಳಿಬಿಡಬಹುದಿತ್ತು. ಆದರೆ ಆ ಮುಳ್ಳು ಸರಿದದ್ದನ್ನು ಕಂಡು ಅವಳ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಅಷ್ಟು ದಿನದಲ್ಲಿ ಮೊದಲ ಸಲ ತಣ್ಣಗಾದದ್ದು. "ಮೋಡದ ದಿವಸ ಹಾಗೆ ಆಗ್ತದೆ ಬಿಡು," ಎಂದಳು.

ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ನೋಡಲು ಹೋಗುತ್ತಿದ್ದಳೋ ಉಸಿರು ಬಿಡಲು ಹೋಗುತ್ತಿದ್ದಳೋ ಅವಳಿಗೇ ಗೊತ್ತಿಲ್ಲ. ಎರಡೂ ಇದ್ದೀತು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರಲ್ಲ, ಮದ್ದು ಸಿಕ್ಕಿದರೂ ಅದು ಇಂಥದ್ದೇ. ಹೋಗಿ ಹೋಗಿ ಅವಳಿಗೆ ಆ ಮರಿಗಳ ಗುರುತೂ ಹತ್ತಿತು. ಅಂಚಿನಲ್ಲಿ ಇರುವುದು ದೊಡ್ಡ ಕಾಲಿನದು, ಮೂಲೆಯಲ್ಲಿರುವುದು ಸೋಮಾರಿ, ಇದರ ನೇರಳೆ ನಿನ್ನೆಗಿಂತ ಗಾಢ. ತನ್ನ ತೊಟ್ಟಿಯ ಮರಿಗಳನ್ನು ಅವಳು ಹಾಗೆ ನೋಡಿದ್ದೇ ಇಲ್ಲ.

ಶರಾವತಿ ಸೊರಗಿದಳು. ಕಿವಿರು ಬಿಚ್ಚಿ ತೊಳೆದಳು, ನೀರು ಬದಲಿಸಿದಳು. ಮುಳ್ಳು ದಿನಾ ಸಂಜೆ ಹುಳಿಯ ಕಡೆಗೆ ಜಗ್ಗುವುದು ಮಾತ್ರ ತಪ್ಪಲಿಲ್ಲ. ಮನೆಯಲ್ಲಿ ಬಟ್ಟಲ ಮುಂದೆ ಕೂತು ಸುಮ್ಮನೆ ಗೋಡೆ ನೋಡುವಳು. ಬೀರಮ್ಮನಿಗೆ ಇದೆಲ್ಲ ಯಂತ್ರದ ಮಾತು ಎನ್ನಿಸಲೇ ಇಲ್ಲ.

"ಯಾರದ್ದೋ ಕಣ್ಣು ಬಿದ್ದಿದೆ," ಎಂದಳು ಅವಳು. "ಆ ವಿಜ್ಞಾನಿ ಎಲ್ಲರೆದುರು ಹೊಗಳಿದ್ದೇ ಹೊಗಳಿದ್ದು, ಮರಿಗೆ ದೃಷ್ಟಿ ತಾಗ್ತು."

"ದೃಷ್ಟಿ ಎಲ್ಲ ಇಲ್ಲ ಅತ್ತೆ," ಎಂದಳು ಶರಾವತಿ ಸೋತ ದನಿಯಲ್ಲಿ. "ಎಂತದೋ ಸೋರ್ತದೆ. ನಂಗೆ ಸಿಗ್ತಿಲ್ಲ, ಅಷ್ಟೇ."

ಮರುದಿನ ಮಧ್ಯಾಹ್ನ, ಶರಾವತಿ ಮನೆಯಲ್ಲಿ ಊಟಕ್ಕೆ ಕೂತ ಹೊತ್ತು ನೋಡಿಕೊಂಡು, ಬೀರಮ್ಮ ಕೇಂದ್ರಕ್ಕೆ ಬಂದಳು. ಕೈಯಲ್ಲಿ ಮಡಿಕೆ, ಮಡಿಕೆಯ ತುಂಬ ನಿಗಿನಿಗಿ ಕೆಂಡ. ಸೆರಗಿನ ಗಂಟಿನಲ್ಲಿ ಉಪ್ಪು, ಒಣಮೆಣಸು, ಸಾಸಿವೆ, ಸಾಂಬ್ರಾಣಿ.

"ಬಾಗಿಲು ತೆಗೆಯೇ ನಾಗವೇಣಿ. ದೃಷ್ಟಿ ತೆಗೆದು, ನಾಕು ಮೂಲೆಗೂ ಧೂಪ ಹಾಕಿ ಹೋಗ್ತೆ. ಅವಳಿಗೆ ಹೇಳಬ್ಯಾಡ, ಬ್ಯಾಡ ಅಂತಾಳೆ."

ನಾಗವೇಣಿ ಮಡಿಕೆಯ ಕೆಂಡವನ್ನೇ ನೋಡಿದಳು. ಒಬ್ಬಳ ಉಸಿರಿಗೇ ಮುಳ್ಳು ಅಷ್ಟು ಸರಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಮಡಿಕೆ ತುಂಬ ಕೆಂಡ ಎಂದರೆ? ಸುಣ್ಣ ಬೇಗನೆ ಸತ್ತುಹೋಗುತ್ತದೆ. ಆಮೇಲೆ ಕಿವಿರು ಉಲ್ಟಾ ಕೆಲಸ ಶುರುಮಾಡುತ್ತದೆ, ಗಾಳಿಯ ಹುಳಿಯನ್ನೆಲ್ಲ ನೀರಿಗೆ ತುಂಬುತ್ತದೆ. ಮರಿಯ ಚಿಪ್ಪು ನಿಂತಲ್ಲೇ ಕರಗುತ್ತದೆ. ಅದನ್ನು ಅತ್ತೆಗೆ ಹೇಳಬೇಕು. ಹೇಳಿದರೆ, ಹಾಗಾದರೆ ಇಷ್ಟು ದಿನ ಮುಳ್ಳು ಸರಿದದ್ದು ಯಾತರಿಂದ ಎಂದು ಕೇಳುತ್ತಾಳೆ.

ಅವಳು ಬಾಗಿಲು ತೆಗೆದಳು.

ಬೀರಮ್ಮ ಒಳಗೆ ಹೋಗಿ ತೊಟ್ಟಿಯ ಸುತ್ತ ಮಡಿಕೆಯನ್ನು ಇಳಿತೆಗೆದಳು. "ಊರ ಕಣ್ಣು, ಕೇರಿ ಕಣ್ಣು, ಮನೆ ಕಣ್ಣು, ಮಾರಿ ಕಣ್ಣು..." ಮೆಣಸು ಕೆಂಡಕ್ಕೆ ಬಿದ್ದು ಚಟಚಟ ಎಂದಿತು. ಮಡಿಕೆಯನ್ನು ಮೂಲೆಯಲ್ಲಿಟ್ಟು, ಬಾಣಂತಿಗೆ ಶೀತ ಆಗದಿರಲಿ ಎಂಬಂತೆ ಬಾಗಿಲನ್ನು ಬಿಗಿಯಾಗಿ ಮುಚ್ಚಿ, ಕೆಮ್ಮುತ್ತಾ ಹೊರಗೆ ಬಂದಳು. "ಘಾಟು ಬಂತಲ್ಲೇ! ದೃಷ್ಟಿ ಇದ್ದಿದ್ರೆ ಘಾಟು ಬರೂದಿಲ್ಲ," ಎಂದು ತನ್ನಷ್ಟಕ್ಕೆ ಗೊಣಗಿದಳು. "ಇರ್ಲಿ. ಧೂಪ ಆದ್ರೂ ತಾಗ್ಲಿ." ಹೀಗೆಂದು ಮನೆದಾರಿ ಹಿಡಿದಳು.

ನಾಗವೇಣಿ ಯಂತ್ರಗಳ ಕೋಣೆಯಲ್ಲಿ ಕೂತಳು. ಬೆಂಕಿ ನಾನು ತಂದಿಲ್ಲ. ಬಾಗಿಲು ತೆಗೆದೆ, ಹಿರಿಯರು ಹೇಳಿದರು ಅಂತ ತೆಗೆದೆ. ಕೇಳಿದವರ್ಯಾರು, ನೋಡಿದವರ್ಯಾರು? ಎರಡನೇ ಮುಳ್ಳು ಅಲುಗಿತು, ಆಮೇಲೆ ಸರಿಯತೊಡಗಿತು. ಕೂದಲಷ್ಟಲ್ಲ, ಕಣ್ಣಿಗೆ ಕಾಣುವ ಹಾಗೆ. ಈ ಸಲದ ಮೊದಲ ಬುಟ್ಟಿ ತನ್ನದೇ. ಒಂದು ಗಳಿಗೆ, ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಖುಷಿಯಾಯಿತು.

ಆ ಖುಷಿಯಲ್ಲೇ ಎದ್ದು, ಎರಡನೇ ಕೋಣೆಯ ಗೋಡೆಯಲ್ಲಿದ್ದ ಗಾಜಿನ ಕಿಂಡಿಯಿಂದ ಒಳಗೆ ನೋಡಿದಳು. ಹೊಗೆಯಲ್ಲಿ ಏನೂ ಕಾಣಲಿಲ್ಲ. ಆದರೆ ಕಾಣಬೇಕಾದದ್ದು ಅವಳಿಗೆ ಬಾಯಿಪಾಠವಾಗಿತ್ತಲ್ಲ. ಆ ದೊಡ್ಡ ಕಾಲಿನದು ಕಾಲನ್ನು ಒಳಗೆ ಎಳೆದುಕೊಂಡಿರುತ್ತದೆ. ಸೋಮಾರಿ ಚಿಪ್ಪು ಮುಚ್ಚಲು ತಡಮಾಡಿ ಮೊದಲು ಸಾಯುತ್ತದೆ. ನೇರಳೆ ಅಂಚು ಮಾಸುತ್ತದೆ. ಇಷ್ಟು ಚಂದದ ಮರಿ ಈ ಹೊಳೆಯಲ್ಲಿ ಅವಳ ಅಜ್ಜಿಯ ಕಾಲದಿಂದೀಚೆಗೆ ಹುಟ್ಟಿರಲಿಲ್ಲ. ಹೊಟ್ಟೆ ಉರಿದದ್ದೇ ಅದಕ್ಕಲ್ಲವೇ? ಅವು ಸತ್ತರೆ ತಾನು ಹೊಟ್ಟೆ ಉರಿಸಿಕೊಂಡು ನೋಡುವುದಾದರೂ ಯಾವುದನ್ನು?

"ಥೂ, ನನ್ನ ಜನ್ಮಕ್ಕಿಷ್ಟು!" ಎಂದು ಅವಳು ಓಡಿದಳು.

ಬಾಗಿಲು ದೂಡಿದಳು, ಕಿಟಕಿಗಳನ್ನೆಲ್ಲ ತೆರೆದಳು, ಸೆರಗಿನಲ್ಲಿ ಹಿಡಿದು ಮಡಿಕೆಯನ್ನು ಎತ್ತಿದಳು. ಕೈ ಸುಟ್ಟಿತು. ಹೊರಗೆ ಬರುವುದಕ್ಕೂ ಶರಾವತಿ ಊಟ ಮುಗಿಸಿ ಬರುವುದಕ್ಕೂ ಸರಿಹೋಯಿತು. ಶರಾವತಿ ಮಡಿಕೆ ನೋಡಿದಳು, ಹೊಗೆ ನೋಡಿದಳು, ಓರಗಿತ್ತಿಯ ಮುಖ ನೋಡಿದಳು.

"ಅಕ್ಕಾ! ಎಂತ ಮಾಡಿದ್ರಿ ನೀವು?"

"ಅತ್ತೆ ಧೂಪ ಹಾಕಿದ್ದು. ಮಾತಾಡ್ತಾ ನಿಲ್ಲಬ್ಯಾಡ. ನಿನ್ನ ಸುಣ್ಣದ ಪೆಟ್ಟಿಗೆ ಸತ್ತಿದೆ, ಕಳಚು."

"ಕಳಚಿ ಎಂತ ಮಾಡ್ಲಿ? ಹೊಸ ಸುಣ್ಣ ಬರೂದು ಹುಣ್ಣಿಮೆ ಕಳೆದ ಮೇಲೆ!"

ನಾಗವೇಣಿ ಆಗಲೇ ತನ್ನ ಕೋಣೆಯೊಳಗೆ ಹೋಗಿದ್ದಳು. ಮೊದಲನೇ ತೊಟ್ಟಿಯ ಸುಣ್ಣದ ಪೆಟ್ಟಿಗೆಯ ಕೊಳವೆ ಕಿತ್ತು, ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಬಂದಳು. ಶರಾವತಿ ಬಾಗಿಲಲ್ಲೇ ಅಡ್ಡ ನಿಂತಳು. "ಇದು ನಿಮ್ಮದು. ನಿಮ್ಮ ಮರಿ ಎಂತ ಆಗಬೇಕು?"

"ನನ್ನವು ಅಡ್ಡಿಯಿಲ್ಲ ಅನ್ನೂ ಮರಿ," ಎಂದಳು ನಾಗವೇಣಿ. "ನಿನ್ನವು ಚಂದ. ನಿನ್ನ ಮರಿಯನ್ನು ನನ್ನಷ್ಟು ನೋಡಿದವರು ಯಾರೂ ಇಲ್ವೇ ಮಾರಾಯ್ತಿ. ದಿನಾ ಮಧ್ಯಾಹ್ನ ನೋಡಿದ್ದೆ. ಸರಿ ಅತ್ಲಾಗೆ!"

ಶರಾವತಿ ಸರಿದಳು. ಪೆಟ್ಟಿಗೆ ಕೂರಿಸಿ, ಕೋಣೆಯ ಹೊಗೆಯೆಲ್ಲ ಹೋದ ಮೇಲೆ ಬಾಗಿಲು ಕಿಟಕಿ ಮುಚ್ಚಿ, ಇಬ್ಬರೂ ಯಂತ್ರಗಳ ಕೋಣೆಯಲ್ಲಿ ಕೂತು ಮುಳ್ಳನ್ನು ಕಾದರು. ಅದು ಮೊದಲು ನಿಂತಿತು. ಬಹಳ ಹೊತ್ತಿನ ಮೇಲೆ, ಬಸುರಿ ಹೆಂಗಸು ಎದ್ದು ನಡೆದ ಹಾಗೆ, ನಿಧಾನಕ್ಕೆ ಹಿಂದಕ್ಕೆ ಹೊರಟಿತು. ಪಕ್ಕದ ಮುಳ್ಳು ಅದೇ ನಿಧಾನದಲ್ಲಿ ಹುಳಿಯ ಕಡೆಗೆ ಸರಿಯುತ್ತಿತ್ತು. ನಾಗವೇಣಿ ಅತ್ತ ನೋಡಲಿಲ್ಲ. ಶರಾವತಿ ಎರಡನ್ನೂ ನೋಡಿದಳು. "ದಿನಾ ಮಧ್ಯಾಹ್ನ" ಎಂಬ ಮಾತು ಅವಳಿಗೆ ಆಗ ಅರ್ಥವಾಯಿತು. ಎದ್ದು ಮನೆಗೆ ಹೋದಳು.

ಸಂಜೆ ಅಡುಗೆಮನೆಯಲ್ಲಿ ಬೀರಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ತನ್ನ ಕೆಂಡ ಏನು ಮಾಡಿತು ಎಂದು ಶರಾವತಿ ಹೇಳಿಯಾಗಿತ್ತು. "ಒಳ್ಳೇದಾಗ್ಲಿ ಅಂತ ಹೋದೆನೇ," ಎಂದು ಮುದುಕಿ ಅಳುತ್ತಿದ್ದಳು.

ನಾಗವೇಣಿ ಸುಟ್ಟ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು. "ನಿಮ್ಮ ತಪ್ಪಲ್ಲ ಅತ್ತೆ. ಮೊದಲು ಮುಳ್ಳು ಸರಿದದ್ದು ಯಾರ ದೃಷ್ಟಿಯಿಂದಾನೂ ಅಲ್ಲ. ನಾನು ದಿನಾ ಮಧ್ಯಾಹ್ನ ಅವಳ ಕೋಣೆಗೆ ಹೋಗಿ ನಿಲ್ತಿದ್ದೆ. ನನ್ನ ಉಸಿರು ತಾಗಿ ನೀರು ಹುಳಿಯಾಗ್ತಿತ್ತು. ಗೊತ್ತಿದ್ದೂ ಹೋಗ್ತಿದ್ದೆ. ಹೊಟ್ಟೆಕಿಚ್ಚಿಗೆ."

ಬೀರಮ್ಮ ಕಣ್ಣೊರಸಿಕೊಂಡು ಹಿರಿಸೊಸೆಯನ್ನು ನೋಡಿದಳು. ಒಲೆಯ ಮೇಲೆ ಗಂಜಿ ಉಕ್ಕುತ್ತಿತ್ತು, ಯಾರೂ ಇಳಿಸಲಿಲ್ಲ.

"ಮತ್ತೆ," ಎಂದಳು ಬೀರಮ್ಮ, "ಅದನ್ನೇ ಅಲ್ದನೇ ನಾನು ದೃಷ್ಟಿ ಅಂದದ್ದು?"

ನಾಗವೇಣಿ ಸುಟ್ಟ ಕೈಗೆ ಸೆರಗು ಸುತ್ತಿ, ಉಕ್ಕುತ್ತಿದ್ದ ಗಂಜಿಯನ್ನು ಇಳಿಸಿದಳು.

ಭೂಮಿ ಹುಣ್ಣಿಮೆಯವರೆಗೂ ಶರಾವತಿ ಅವಳೊಡನೆ ಮಾತಾಡಲಿಲ್ಲ. ಮೊದಲನೇ ಕೋಣೆಯ ಮರಿಗಳ ಚಿಪ್ಪು ತೆಳುವಾಗಿ, ಅರ್ಧಕ್ಕರ್ಧ ಸತ್ತವು. ಉಳಿದವನ್ನು ಇನ್ನೊಂದು ಊರಿಗೂ ಕಳಿಸುವ ಹಾಗಿರಲಿಲ್ಲ. ಎರಡನೇ ಕೋಣೆಯವು ಬದುಕಿದವು. ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ದಂಡೆಯಲ್ಲಿ ಸೇರಿತು. ಶರಾವತಿ ಸೀರೆ ಎತ್ತಿ ಕಟ್ಟಿ, ಮೊದಲ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನೀರಿಗೆ ಇಳಿದಳು. ನಾಗವೇಣಿ ಜನರ ಹಿಂದೆ ನಿಂತು ನೋಡಿದಳು. ಹೊಟ್ಟೆ ಉರಿಯಿತೇ? ಉರಿಯದೆ ಇರುತ್ತದೆಯೇ? ಚೆನ್ನಾಗಿಯೇ ಉರಿಯಿತು. ಆದರೂ ಶರಾವತಿ ಬುಟ್ಟಿಯನ್ನು ವಾಲಿಸುವಾಗ ಅವಳು ಕಾಲತುದಿಯಲ್ಲಿ ನಿಂತು, "ಒಮ್ಮೆಲೇ ಸುರಿಬ್ಯಾಡ್ವೇ, ಗುಟುಕು ಗುಟುಕಾಗಿ ಬಿಡು!" ಎಂದು ಕೂಗಿಬಿಟ್ಟಳು.

ಶರಾವತಿ ನೀರಿನಲ್ಲೇ ತಿರುಗಿ ನೋಡಿದಳು. ಬುಟ್ಟಿ ಖಾಲಿ ಮಾಡಿ, ತೊಯ್ದ ಸೀರೆಯಲ್ಲೇ ಜನರ ನಡುವೆ ದಾರಿ ಮಾಡಿಕೊಂಡು ಬಂದು ಎದುರು ನಿಂತಳು.

"ಮುಂದಿನ ವರ್ಷ ಮಧ್ಯಾಹ್ನ ನಾನು ನಿಮ್ಮ ಕೋಣೆಗೆ ಬತ್ತೆ."

"ಎಂತಕ್ಕೆ?"

"ನಿಮ್ಮ ಮರಿ ನನ್ನವಕ್ಕಿಂತ ಚಂದ ಬೆಳೆದ್ರೆ ನಂಗೂ ನಿದ್ದೆ ಬರೂದಿಲ್ಲ."

"ಕಿಂಡಿಯಿಂದ ನೋಡು," ಎಂದಳು ನಾಗವೇಣಿ. "ಒಳಗೆ ಕಾಲಿಟ್ರೆ ಕಾಲು ಮುರೀತೆ."

ಇಬ್ಬರಿಗೂ ನಗು ಬಂತು, ನಗಲಿಲ್ಲ. ಅಷ್ಟರಲ್ಲಿ ಬೀರಮ್ಮ ಮಡಿಕೆ ಹಿಡಿದುಕೊಂಡು ಬಂದಳು. ಈಗಲಾದರೂ ಬಯಲಲ್ಲವೇ, ಇಬ್ಬರು ಸೊಸೆಯರನ್ನೂ ಒಟ್ಟಿಗೆ ನಿಲ್ಲಿಸಿ ದೃಷ್ಟಿ ತೆಗೆಯುತ್ತೇನೆ ಎಂದು ಹಟ. ಇಳಿತೆಗೆದಳು. ಮೆಣಸು ಕೆಂಡಕ್ಕೆ ಬಿದ್ದು ಚಟಚಟ ಸುಟ್ಟಿತು. ಯಾರಿಗೂ ಕೆಮ್ಮು ಬರಲಿಲ್ಲ.

"ನೋಡ್ದ್ಯಾ? ಘಾಟೇ ಇಲ್ಲ!" ಎಂದು ಮುದುಕಿ ಹಿಗ್ಗಿದಳು. "ಎಷ್ಟು ದೃಷ್ಟಿ ಇತ್ತು ಅಂತೆ!"

ನಾಗವೇಣಿ ಹೊಗೆ ಹೋದ ಕಡೆ ನೋಡಿದಳು. ಬೆಳಗಿನ ಗಾಳಿ ಅದನ್ನು ಎತ್ತಿಕೊಂಡು ನೇರ ಹೊಳೆಯ ಮೇಲೆ, ಈಗಷ್ಟೇ ಮರಿ ಬಿಟ್ಟ ಜಾಗದತ್ತ ಒಯ್ಯುತ್ತಿತ್ತು.

"ಸಾಕು ಅತ್ತೆ. ಇಲ್ಲಿ ಕೊಡಿ."

"ಅಯ್ಯ, ಇಷ್ಟು ದೊಡ್ಡ ಹೊಳೆಗೆ ನನ್ನ ಒಂದು ಮಡಿಕೆ ಹೊಗೆಯಿಂದ ಎಂತ ಆಗ್ತದ್ಯೇ?"

"ಹಾಗೆ ಎಲ್ಲರೂ ಅಂದ್ಕಂಡೇ ಅತ್ತೆ, ಈ ನೀರು ಹುಳಿಯಾದದ್ದು," ಎಂದು ನಾಗವೇಣಿ, ಶರಾವತಿಯ ಕೈಯಲ್ಲಿದ್ದ ಖಾಲಿ ಬುಟ್ಟಿಯ ಮೇಲೆ ಕಣ್ಣಿಟ್ಟುಕೊಂಡೇ, ಬೊಗಸೆ ತುಂಬ ನೀರು ತಂದು ಕೆಂಡದ ಮೇಲೆ ಹಾಕಿದಳು.